ಗುಂಡಿ ತುಂಬಿದ ಮೇಲೆ

ಗಾಜಿಪುರದಿಂದ ಮೈಮನ್‌ಸಿಂಗ್ ಕಡೆ ಹೋಗುವ ದಾರಿಯಲ್ಲಿ ಒಂದು ಥರದ ಅಂಗಡಿಗಳಿವೆ. ಅಂಗಡಿ ಅಂದರೆ ಬೋರ್ಡು, ಬಾಗಿಲು ಏನಿಲ್ಲ. ರಸ್ತೆ ಪಕ್ಕದ ಖಾಲಿ ಜಾಗ, ಅಷ್ಟೇ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಪಕ್ಕದಲ್ಲಿ ಸಿಮೆಂಟಿನ ಹಾಸುಗಳು ಒಣಗುತ್ತಿರುತ್ತವೆ. ನಡುವೆ ಒಂದು ತೂತು, ಆಚೆ ಈಚೆ ಕಾಲಿಡೋಕೆ ಜಾಗ. ಒಬ್ಬ ಹುಡುಗ ಬಕೆಟ್ಟಿನಲ್ಲಿ ನೀರು ತಂದು ಅವಕ್ಕೆಲ್ಲ ಚಿಮುಕಿಸುತ್ತಿರುತ್ತಾನೆ. ಗಿರಾಕಿ ಬರುತ್ತಾನೆ, ನಾಲ್ಕೈದು ರಿಂಗು, ಒಂದು ಹಾಸು ಆರಿಸಿ ಚೌಕಾಸಿ ಮಾಡುತ್ತಾನೆ, ಸೈಕಲ್ ಗಾಡಿಗೆ ಹೇರಿಕೊಂಡು ಹೊರಡುತ್ತಾನೆ. ರಿಂಗು ಗುಂಡಿಯೊಳಗೆ ಇಳಿಯುತ್ತದೆ, ಹಾಸು ಅದರ ಮೇಲೆ ಕೂರುತ್ತದೆ, ಅವನ ಮನೆ ಹಿಂದೆ ಕಕ್ಕಸು ಏಳುತ್ತದೆ. ಅರ್ಜಿ ಇಲ್ಲ, ಫೋಟೋ ಇಲ್ಲ.

ಪೀಣ್ಯದ ಗಾರ್ಮೆಂಟ್ಸ್ ಬಿಟ್ಟು ಬಾಂಗ್ಲಾದೇಶದ ಗಾರ್ಮೆಂಟ್ಸ್‌ಗೆ ಬಂದು ನನಗೆ ಒಂಬತ್ತು ವರ್ಷವಾಯಿತು. ಬರುವಾಗ ಈ ದೇಶದ ಬಗ್ಗೆ ತಲೆಯಲ್ಲಿ ಇದ್ದದ್ದು ನೆರೆ, ಬಡತನ, ಕ್ರಿಕೆಟ್. ಕಕ್ಕಸಿನ ವಿಷಯದಲ್ಲಿ ಇವರು ನಮಗಿಂತ ಮೊದಲೇ ದಡ ಸೇರಿದ್ದಾರೆ ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಲೆಕ್ಕ ಹಾಗೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಇಡುವ ಲೆಕ್ಕದಲ್ಲಿ, 1990ರಲ್ಲಿ ಇಲ್ಲಿ ನೂರಕ್ಕೆ 34 ಜನ ಬಯಲಿಗೆ ಹೋಗುತ್ತಿದ್ದರು. 2015ರ ಹೊತ್ತಿಗೆ ಅದು 1ಕ್ಕೆ ಇಳಿದಿತ್ತು. ನಮ್ಮಲ್ಲಿ? 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 47ಕ್ಕೆ ಮಾತ್ರ ಕಕ್ಕಸಿತ್ತು. ಮೊಬೈಲ್ ಇದ್ದ ಮನೆಗಳೇ ಜಾಸ್ತಿ.

ದುಡ್ಡು ನಮ್ಮ ಹತ್ತಿರವೇ ಹೆಚ್ಚಿತ್ತಲ್ವಾ? ಹಾಗಾದರೆ ಅಡ್ಡ ಬಂದದ್ದೇನು? ಗುಂಡಿ ಅಂತ ನನ್ನ ಅನಿಸಿಕೆ.

ತಿಪಟೂರು ತಾಲ್ಲೂಕಿನ ನಮ್ಮೂರಲ್ಲಿ ದೊಡ್ಡಪ್ಪನಿಗೆ ಸ್ವಚ್ಛ ಭಾರತದ ಕಕ್ಕಸು ಸಿಕ್ಕಿತು. 12,000 ರೂಪಾಯಿ ಸಹಾಯಧನ. ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮುಂದಿನ ಸಲ ನಾನು ಊರಿಗೆ ಹೋದಾಗ ಒಳಗೆ ತೆಂಗಿನ ಮಟ್ಟೆ, ಕರಟ ಸೂರಿನ ತನಕ ತುಂಬಿದ್ದವು. ದೊಡ್ಡಪ್ಪ ಮಾತ್ರ ಎಂದಿನಂತೆ ಚೊಂಬು ಹಿಡಿದು ತೋಟದ ಕಡೆ.

"ಯಾಕೆ ದೊಡ್ಡಪ್ಪ?" ಅಂತ ಕೇಳಿದೆ.

"ಎಲ್ಡ್ ಮಾರುದ್ದ ಗುಂಡಿನೂ ಇಲ್ಲ. ಆರ್ ತಿಂಗ್ಳಿಗೆ ತುಂಬ್ಕಂತದೆ. ಆಮೇಲೆ ಎತ್ತೋರು ಯಾರ್ಲಾ? ನೀನ್ ಬತ್ತೀಯಾ ಢಾಕಾದಿಂದ?"

ಆರು ತಿಂಗಳಿಗೆ ಅದು ತುಂಬುವುದಿಲ್ಲ. ನೀರು ಮಣ್ಣಿಗೆ ಇಂಗಿಹೋಗುತ್ತದೆ, ಒಂದು ಮನೆಗೆ ಆ ಅಳತೆಯ ಗುಂಡಿ ನಾಲ್ಕೈದು ವರ್ಷ ಬರುತ್ತದೆ. ಎರಡು ಗುಂಡಿ ಇದ್ದರೆ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರಾಯಿತು. ಮುಚ್ಚಿಟ್ಟದ್ದು ಎರಡು ವರ್ಷದಲ್ಲಿ ಮಣ್ಣಿನಂಥ ಗೊಬ್ಬರವಾಗುತ್ತದೆ, ವಾಸನೆಯೂ ಇರುವುದಿಲ್ಲ. ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ್ ಪಾಠಕ್ 1970ರಿಂದ ಹೇಳಿಕೊಂಡು ಬಂದದ್ದು ಇದನ್ನೇ. ಆದರೆ ದೊಡ್ಡಪ್ಪ ಕೇಳಿದ್ದು ಎಷ್ಟು ದಿನಕ್ಕೆ ತುಂಬುತ್ತದೆ ಅಂತಲ್ಲ, ಯಾರು ಎತ್ತುತ್ತಾರೆ ಅಂತ. ಹಿಂದೆ ಅದಕ್ಕೆ ಒಂದು ಜಾತಿಯನ್ನೇ ಇಟ್ಟುಕೊಂಡಿದ್ದೆವು. ತಲೆಯ ಮೇಲೆ ಮಲ ಹೊರುವುದು ನಿಲ್ಲಬೇಕು ಅಂತ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ ಆದೇಶ ಮಾಡಿದರು. ಅದಾಗಿ ಎಷ್ಟೋ ವರ್ಷದ ಮೇಲೆ, 2010ರಲ್ಲಿ, ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಅವರು ಇನ್ನು ಬರುವುದಿಲ್ಲ, ಬರಲೂಬಾರದು. ನಾವಂತೂ ಮುಟ್ಟುವುದಿಲ್ಲ. ಹಾಗಾಗಿ ಗುಂಡಿ ತುಂಬಲೇಬಾರದು. ದೊಡ್ಡಪ್ಪ ಆಮೇಲೆ ಸ್ವಂತ ದುಡ್ಡಲ್ಲಿ ಹದಿನೈದು ಅಡಿ ಆಳದ ಗುಂಡಿ ತೋಡಿಸಿದರು. "ನನ್ ಕಾಲಕ್ಕಂತೂ ತುಂಬಲ್ಲ" ಅಂತ ಹೆಮ್ಮೆ. ಪಕ್ಕದಲ್ಲೇ ಬಾವಿ ಇದೆ. ಅದರ ಮಾತು ಎತ್ತಿದರೆ ಕೇಳಿಸಿಕೊಳ್ಳುವುದಿಲ್ಲ.

ಬಾಂಗ್ಲಾದಲ್ಲಿ ಈ ಆಟ ನಡೆಯುವುದಿಲ್ಲ. ಎಷ್ಟೋ ಕಡೆ ಆರು ಅಡಿ ಅಗೆಯುವಷ್ಟರಲ್ಲಿ ನೀರು ಬರುತ್ತದೆ. ಮಳೆಗಾಲದಲ್ಲಿ ಊರೇ ನೀರಲ್ಲಿರುತ್ತದೆ. ನಮ್ಮಂತೆ ಬಯಲು ಅಂತಲೂ ಇಲ್ಲ, ಗದ್ದೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಕೊಳ. ಹಿಂದೆ ಕೊಳದ ಮೇಲೆ ಬಿದಿರಿನ ಅಟ್ಟ ಕಟ್ಟಿಕೊಂಡು ಕೂರುತ್ತಿದ್ದರಂತೆ. ನೇತಾಡುವ ಕಕ್ಕಸು ಅಂತಲೇ ಅದಕ್ಕೆ ಹೆಸರು. ಅದೇ ನೀರಲ್ಲಿ ಪಾತ್ರೆ ತೊಳೆಯುವುದು. ಕಾಲರಾ ಇಲ್ಲಿ ಮನೆಯ ನೆಂಟನಂತಿತ್ತು. ಢಾಕಾದ ಮೊಹಾಖಾಲಿಯ ಭೇದಿ ಆಸ್ಪತ್ರೆಯನ್ನು ಜನ ಇವತ್ತಿಗೂ ಕಾಲರಾ ಆಸ್ಪತ್ರೆ ಅಂತಲೇ ಕರೆಯುತ್ತಾರೆ.

2000ರ ಹೊತ್ತಿಗೆ ರಾಜಶಾಹಿ ಜಿಲ್ಲೆಯ ಮೋಸ್‌ಮೋಯಿಲ್ ಎಂಬ ಹಳ್ಳಿಯಲ್ಲಿ ಕಮಲ್ ಕರ್ ಎಂಬ ಭಾರತೀಯರೇ ಒಂದು ಹೊಸ ದಾರಿ ಹಿಡಿದರು. ಸಹಾಯಧನ ಕೊಡಲಿಲ್ಲ. ಊರವರನ್ನೇ ಕರೆದುಕೊಂಡು ಅವರು ಕೂರುವ ಜಾಗಗಳಿಗೆಲ್ಲ ನಡೆದು ಹೋಗುವುದು, ದಿನಕ್ಕೆ ಊರು ಎಷ್ಟು ಕೆಜಿ ಹೇಲು ಹಾಕುತ್ತದೆ ಅಂತ ಅವರಿಂದಲೇ ಲೆಕ್ಕ ಮಾಡಿಸುವುದು. ಸುತ್ತಿಬಳಸಿದ ಮಾತಿಲ್ಲ. ಆ ಪದ್ಧತಿ ಇಲ್ಲಿಂದ ಬೇರೆ ಎಷ್ಟೋ ದೇಶಗಳಿಗೆ ಹೋಯಿತು. ನಾಚಿಕೆ ಹುಟ್ಟಿಸಿ ಕೆಲಸ ಮಾಡಿಸುವುದು ನನಗೆ ಅಷ್ಟು ಹಿಡಿಸುವುದಿಲ್ಲ, ನಾಚಿಕೆ ಯಾವಾಗಲೂ ಬಡವರ ಪಾಲಿಗೇ ಬರುತ್ತದೆ. ಆದರೂ ಒಂದು ಒಪ್ಪಬೇಕು. ಸ್ವಂತ ದುಡ್ಡಲ್ಲಿ ರಿಂಗು ತಂದವನು ಅದರೊಳಗೆ ಸೌದೆ ತುಂಬುವುದಿಲ್ಲ.

ನಮ್ಮ ಡ್ರೈವರ್ ಒಮ್ಮೆ ಈದ್‌ಗೆ ಅವನ ಊರಿಗೆ ಕರೆದುಕೊಂಡು ಹೋಗಿದ್ದ. ಕಕ್ಕಸು ಅಂದರೆ ನಾಲ್ಕು ತಗಡು, ಒಂದು ಹಾಸು, ಮೂತಿ ಇರುವ ಪ್ಲಾಸ್ಟಿಕ್ ಬದ್ನಾದಲ್ಲಿ ನೀರು. ನೆರೆಗೆ ಮುಳುಗದಂತೆ ಮಣ್ಣು ಏರಿಸಿ ಎತ್ತರ ಮಾಡಿದ್ದರು. "ಇದು ಮೂರನೇದು ಸಾರ್" ಅಂದ. ಮೊದಲನೆಯದು ತುಂಬಿದಾಗ ಹಾಸು ಎತ್ತಿ, ಮಣ್ಣು ಮುಚ್ಚಿ, ಎರಡು ಹೆಜ್ಜೆ ಆಚೆ ಇನ್ನೊಂದು ತೋಡಿದನಂತೆ. ಹಳೆಯ ಗುಂಡಿ ಮೇಲೆ ಬಾಳೆ ನೆಟ್ಟಿದ್ದ. ಗೊನೆ ಬಿಟ್ಟಿತ್ತು. ನಮ್ಮೂರಲ್ಲಿ ಗುಟ್ಟಾಗಿ ಮಾತಾಡುವುದನ್ನು ಅವನು ಸೈಕಲ್ ಪಂಚರ್ ಹಾಕಿದ ಹಾಗೆ ಹೇಳಿಬಿಟ್ಟ.

ಇಲ್ಲಿ ಎಲ್ಲ ಬಗೆಹರಿದಿದೆ ಅಂತಲ್ಲ. ಢಾಕಾದ ಬೀದಿ ಗುಡಿಸುವವರು ಯಾರು ಅಂತ ನೋಡಿದರೆ ಬ್ರಿಟಿಷರ ಕಾಲದಲ್ಲಿ ಭಾರತದಿಂದ ಕರೆತಂದವರ ಮೊಮ್ಮಕ್ಕಳು. ಅವರಲ್ಲಿ ತೆಲುಗಿನವರೂ ಇದ್ದಾರೆ. ಒಬ್ಬ ಹೆಂಗಸು ಮಗುವಿಗೆ ತೆಲುಗಲ್ಲಿ ಗದರುವುದು ಕೇಳಿ ನಿಂತುಬಿಟ್ಟಿದ್ದೆ. ದೇಶ ಮೂರು ಸಲ ಹೆಸರು ಬದಲಿಸಿದರೂ ಪೊರಕೆ ಅವರ ಕೈಯಲ್ಲೇ ಉಳಿದಿದೆ.

ನಮ್ಮ ಕಾರ್ಮಿಕರು ಬಾಡಿಗೆಗಿರುವ ವಠಾರಗಳಲ್ಲಿ ಏಳೆಂಟು ಮನೆಗೆ ಒಂದು ಕಕ್ಕಸು. ಬೆಳಿಗ್ಗೆ ಶಿಫ್ಟಿಗೆ ಮುಂಚೆ ಬಕೆಟ್ ಹಿಡಿದ ಸಾಲು. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಬೇರೆ ಮನೆಯವರ ಜೊತೆ ಹಂಚಿಕೊಂಡರೆ ಅದು 'ಮೂಲಭೂತ ಸೌಕರ್ಯ' ಅಲ್ಲ. ಬಯಲಿಗೆ ಹೋಗುವುದು ಬಹುತೇಕ ನಿಂತಿದ್ದರೂ ಆ ಪಟ್ಟಿಯಲ್ಲಿ ಬಾಂಗ್ಲಾ ಇನ್ನೂ ಹಿಂದಿರುವುದು ಇದಕ್ಕೂ ಹೌದು. ಅಲ್ಲಿ ನಾವು ಬೇಗ ಬೇಗ ಮುಂದೆ ಬಂದಿದ್ದೇವೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮಲ್ಲಿ ನೂರಕ್ಕೆ 19 ಮನೆಗಳಲ್ಲಷ್ಟೇ ಕಕ್ಕಸಿನ ಬಳಕೆ ಇರಲಿಲ್ಲ. ಬಯಲು ಶೌಚ ಮುಕ್ತ ಅಂತ 2019ರಲ್ಲೇ ಘೋಷಣೆಯಾಗಿತ್ತು, ಆ ಮಾತು ಬಿಡಿ.

ಶ್ರೀಮಂತರ ಕಥೆ ಇನ್ನೂ ಚೆನ್ನಾಗಿದೆ. ಢಾಕಾದ ಗುಲ್ಶನ್, ಅಂದರೆ ನಮ್ಮ ಸದಾಶಿವನಗರ ಅಂದುಕೊಳ್ಳಿ, ಅಲ್ಲಿನ ಎಷ್ಟೋ ಮನೆಗಳ ಕೊಳಚೆ ಪೈಪು ನೇರ ಮಳೆ ನೀರಿನ ಚರಂಡಿಗೆ. 2023ರ ಜನವರಿಯಲ್ಲಿ ಢಾಕಾ ಉತ್ತರದ ಮೇಯರ್ ಬಂದು ಅಂಥ ಪೈಪುಗಳಿಗೆ ಬಾಳೆದಿಂಡು ತುರುಕಿಸಿದರು! ಕಕ್ಕಸು ಮನೆಯೊಳಗೇ ವಾಪಸ್ ಬರಲಿ ಅಂತ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು ನೋಡಿದವನಿಗೆ ಇದರಲ್ಲಿ ನಗುವುದಕ್ಕೆ ಮುಖ ಇಲ್ಲ. ಒಂದು ಮಾತ್ರ ನಮ್ಮ ಕಡೆಯಿಂದ ಹೆಮ್ಮೆಯಿಂದ ಹೇಳುತ್ತೇನೆ. ದೇವನಹಳ್ಳಿಯಲ್ಲಿ ಗುಂಡಿಗಳ ಹೂಳನ್ನು ಮೆಷಿನ್ ಗಾಡಿಯಲ್ಲಿ ಹೀರಿ ತಂದು ಗೊಬ್ಬರ ಮಾಡುವ ಘಟಕ 2015ರಿಂದ ಇದೆ. ತಿಪಟೂರಿನ ಸುತ್ತ ಅಂಥದ್ದೊಂದು ಇದ್ದು, ಗಾಡಿ ಫೋನ್ ಮಾಡಿದರೆ ಬರುತ್ತದೆ ಅಂತಾದರೆ ದೊಡ್ಡಪ್ಪನಿಗೆ ಹದಿನೈದು ಅಡಿ ಯಾಕೆ ಬೇಕಿತ್ತು?

ಮೊನ್ನೆ ಫೋನಲ್ಲಿ ಅವರಿಗೆ ಡ್ರೈವರ್ ಮನೆಯ ಬಾಳೆ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಹಣ್ಣು ಕೊಟ್ರಾ?"

"ಕೊಟ್ಟರು."

"ತಿಂದ್ಯಾ?"

"ಎರಡು ತಿಂದೆ. ಚೆನ್ನಾಗಿತ್ತು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ, "ನಿಮ್ ದೊಡ್ಡಮ್ಮನ್ ತಾವ ಹೇಳ್ಬ್ಯಾಡ" ಅಂದರು.