ನಾಲ್ಕು ಪೌಂಡ್, ಒಂದು ಯೆನ್

ದೊಡ್ಡಪ್ಪನಿಗೆ ಎಪ್ಪತ್ತೈದು ತುಂಬಿದ ವರ್ಷ ಅವರ ನೆನಪುಗಳನ್ನು ಪುಸ್ತಕ ಮಾಡುವ ಕೆಲಸ ನನ್ನ ತಲೆಗೆ ಬಂತು. ಹಾಸನಾಂಬೆ ಬಾಗಿಲು ತೆಗೆದಾಗ ನೆಂಟರೆಲ್ಲ ಹೇಗೂ ಹಾಸನಕ್ಕೆ ಬರ್ತಾರೆ, ದರ್ಶನ ಮುಗಿಸಿ ಊಟಕ್ಕೆ ಬಂದವರ ಕೈಗೆ ಒಂದೊಂದು ಪ್ರತಿ ಕೊಟ್ಟುಬಿಡೋಣ ಅಂತ ಅವರ ಲೆಕ್ಕ. ಡಿಟಿಪಿಯವರು ಪುಟಕ್ಕಿಷ್ಟು ಅಂದಾಗ ನಾನೇ ಎದೆ ತಟ್ಟಿಕೊಂಡೆ. “ಸ್ಕ್ರೈಬಸ್ ಅಂತ ಇದೆ ದೊಡ್ಡಪ್ಪ, ಪುಟ ಕಟ್ಟೋ ತಂತ್ರಾಂಶ. ಪುಕ್ಕಟೆ. ನಾನೇ ಮಾಡ್ತೀನಿ.”

ಪುಕ್ಕಟೆ ಅಂದದ್ದು ಕಿವಿಗೆ ಬಿದ್ದದ್ದೇ ತಡ, ಪುಟಗಳಿಗೆ ಲಂಗುಲಗಾಮಿಲ್ಲದಾಯಿತು.

ದೊಡ್ಡಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಕನ್ನಡ ಟೈಪಿಂಗಿನ ಹಳೇ ‘ನುಡಿ’ ತಂತ್ರಾಂಶದಲ್ಲಿ ಎರಡೇ ಬೆರಳಲ್ಲಿ ಎಲ್ಲ ಟೈಪ್ ಮಾಡಿಟ್ಟಿದ್ದರು. ಅದನ್ನು ಸ್ಕ್ರೈಬಸ್ಸಿನ ಚೌಕಟ್ಟಿಗೆ ಸುರಿದೆ. ‘ನನ್ನ ನೆನಪು’ ಅಂತ ಇರಬೇಕಾದ ಕಡೆ ನಾಲ್ಕು ಪೌಂಡ್ ಚಿಹ್ನೆ, ಒಂದು ಯೆನ್ ಚಿಹ್ನೆ, ನಡುನಡುವೆ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’ಗಳು. ಹಳೇ ನುಡಿ ಫಾಂಟುಗಳಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷಿನವರ ಮನೆಯಲ್ಲಿ ಬಾಡಿಗೆಗಿರುತ್ತವೆ. ಫಾಂಟು ಬದಲಾಯಿಸಿ ಬಾಗಿಲು ತಟ್ಟಿದರೆ ಮಾಲೀಕರೇ ಹೊರಗೆ ಬರುತ್ತಾರೆ. ‘ನ’ ಇದ್ದದ್ದು ಪೌಂಡಿನ ಮನೆಯಲ್ಲಿ, ‘ಪ’ ಇದ್ದದ್ದು ಯೆನ್ನಿನ ಮನೆಯಲ್ಲಿ.

ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. “ಮೂವತ್ತು ವರ್ಷ ಸಂಬಳ ಎಣಿಸಿದೆ ಮಗಾ, ಒಂದ್ ಪೌಂಡೂ ಕಂಡಿರಲಿಲ್ಲ.”

ಪರಿವರ್ತಕಕ್ಕೆ ಹಾಕಿ, ಕನ್ನಡಕ್ಕೆ ಸ್ವಂತ ಮನೆಯಿರುವ ಯುನಿಕೋಡ್ ಮಾಡಿದೆ. ಪೌಂಡ್ ಹೋಯಿತು, ಜೊತೆಗೆ ಒತ್ತಕ್ಷರವೂ ಹೋಯಿತು. ದೊಡ್ಡಪ್ಪ ‘ದೊಡ್‌ಡಪ್‌ಪ’ ಆಗಿ ಪುಟದುದ್ದಕ್ಕೂ ಬಿದ್ದಿದ್ದರು. ತಪ್ಪು ನನ್ನದೇ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿದ್ದದ್ದು 1.4ನೇ ಆವೃತ್ತಿ, ನಮ್ಮಂಥ ಲಿಪಿಗಳ ಒತ್ತು ಕೂಡಿಸುವ ವಿದ್ಯೆ ಸ್ಕ್ರೈಬಸ್ಸಿಗೆ ಹತ್ತಿದ್ದು 2017ರ 1.5.3ರಲ್ಲಿ. 2024ರ ಜನವರಿಯಲ್ಲಿ ಬಂದ 1.6 ಹಾಕಿಕೊಂಡ ಮೇಲೆ ದೊಡ್ಡಪ್ಪ ಮತ್ತೆ ಒಂದಾದರು.

ನಿಜವಾದ ಜಗಳ ಶುರುವಾದದ್ದು ಆಮೇಲೆ. ಚೌಕಟ್ಟಿಗೆ ಹಿಡಿಸದಷ್ಟು ಬರಹ ತುಂಬಿದರೆ ಸ್ಕ್ರೈಬಸ್ ಬಲಗಡೆ ಕೆಳಮೂಲೆಯಲ್ಲಿ ಕೆಂಪು ಇಂಟು ಹಾಕುತ್ತದೆ. ಹಾಕಿದ್ದಾದರೂ ಯಾರಿಗೆ? ಮೇಷ್ಟರಿಗೆ!

“ಎಲ್ಲಿ ತಪ್ಪಿದೆ ತೋರ್ಸು.”

“ತಪ್ಪಿಲ್ಲ ದೊಡ್ಡಪ್ಪ, ಜಾಸ್ತಿಯಾಗಿದೆ.”

“ಜಾಸ್ತಿ ಬರೆದೋರಿಗೆ ನಾನು ಯಾವತ್ತೂ ಇಂಟು ಹಾಕಿಲ್ಲ. ಅಡಿಷನಲ್ ಶೀಟ್ ಕೊಡ್ತಿದ್ದೆ.”

ನ್ಯಾಯವಾದ ಮಾತು. ಸ್ಕ್ರೈಬಸ್ಸಿನಲ್ಲೂ ಅಡಿಷನಲ್ ಶೀಟ್ ಉಂಟು: ಮುಂದಿನ ಪುಟದಲ್ಲಿ ಇನ್ನೊಂದು ಚೌಕಟ್ಟು ಎಳೆದು ಇದಕ್ಕೆ ಕೊಂಡಿ ಹಾಕಿದರೆ ಉಕ್ಕಿದ್ದೆಲ್ಲ ಅಲ್ಲಿಗೆ ಹರಿಯುತ್ತದೆ. ಕೊಂಡಿ ಹಾಕಿದೆ. ಇಂಟು ಆ ಪುಟದ ಮೂಲೆಗೆ ಹೋಗಿ ಕೂತಿತು. ದೊಡ್ಡಪ್ಪ ಅಷ್ಟರಲ್ಲಿ ಇನ್ನೆರಡು ಪ್ಯಾರಾ ಬರೆದಿದ್ದರು. ಹೀಗೆ ಅಟ್ಟಿಸಿಕೊಂಡು ಹೋಗಿ 37ನೇ ಪುಟದಲ್ಲಿ ಅದನ್ನು ಹಿಡಿದೆವು.

ಪಿಡಿಎಫ್ ಹಿಡಿದು ಬಿ.ಎಂ. ರಸ್ತೆ ಕಡೆಯ ಪ್ರೆಸ್ಸಿಗೆ ಹೋದರೆ, ಅವರು ಓದಲೂ ಇಲ್ಲ, ಪುಟ ಎಣಿಸಿದರು. “ಸೆಂಟರ್ ಪಿನ್ ಅಲ್ವಾ? ನಾಲ್ಕರ ಲೆಕ್ಕಕ್ಕೆ ತನ್ನಿ. ಒಂದು ಹಾಳೆ ಮಡಚಿದ್ರೆ ನಾಲ್ಕು ಪುಟ.” ಅಂದರೆ 40. ಮೂರು ಪುಟ ಖಾಲಿ. ದೊಡ್ಡಪ್ಪನ ಕಣ್ಣು ಮಿಂಚಿದ್ದು ಕಂಡು, ಅವರು ಪೆನ್ನು ಹುಡುಕುವಷ್ಟರಲ್ಲಿ ಅಡುಗೆಮನೆಗೆ ಓಡಿದೆ. ದೊಡ್ಡಮ್ಮ ರೊಟ್ಟಿ ತಟ್ಟುತ್ತಲೇ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳು ಸಾರು ಹೇಳಿ ಮುಗಿಸಿದರು. ಅಳತೆ ಕೇಳಿದ್ದಕ್ಕೆ “ಲೋಟ ಅಂತ ಬರ್ಕೋ, ನಮ್ಮನೆ ಲೋಟ” ಅಂದರು. ಹಾಗೇ ಅಚ್ಚಾಯಿತು.

ಹಾಸನಾಂಬೆ ದರ್ಶನ ಮುಗಿಸಿ ಬಂದ ನೆಂಟರು ಪುಸ್ತಕವನ್ನು ಹಿಂದಿನಿಂದ ತೆರೆದರು. ವಾರದೊಳಗೆ ಅರಕಲಗೂಡಿನ ಚಿಕ್ಕಮ್ಮನ ಫೋನು: ಓರಗಿತ್ತಿಯರಿಗೆ ಇಪ್ಪತ್ತು ಪ್ರತಿ ಬೇಕು, ಕೊನೇ ಮೂರು ಪುಟ ಸಾಕು.

ಪ್ರೆಸ್ಸಿನವರನ್ನು ಕೇಳಿದೆ. “ಮೂರಕ್ಕೆ ಆಗಲ್ಲ, ನಾಲ್ಕು ಮಾಡ್ಕೊಡಿ.”

ಈ ಸುದ್ದಿ ದೊಡ್ಡಪ್ಪನಿಗೆ ಯಾರು ಮುಟ್ಟಿಸಿದರೋ. ಬೆಳಿಗ್ಗೆ ಆರಕ್ಕೇ ಬಂದು ಗೇಟು ತಟ್ಟಿದರು. ಕೈಯಲ್ಲಿ ಹನ್ನೊಂದು ಹಾಳೆ.