ಹೆಸರು ಒಳಗಿರಲಿ, ಲಕೋಟೆ ಮೇಲೆ ಬೇಡ

ಅಕ್ಟೋಬರ್ ಕೊನೆಗೆ ಕೇಂದ್ರ ಸರ್ಕಾರಿ ಕಚೇರಿ, ಬ್ಯಾಂಕುಗಳ ಗೇಟಿಗೆ ಮತ್ತೆ ಫ್ಲೆಕ್ಸ್ ಏರಿದೆ: ಜಾಗೃತಿ ಅರಿವು ಸಪ್ತಾಹ. ಲಂಚ ಮುಟ್ಟುವುದಿಲ್ಲವೆಂದು ಸಿಬ್ಬಂದಿ ಸಾಲಾಗಿ ನಿಂತು ಕೈ ಚಾಚುತ್ತಾರೆ. ಕೈ ಚಾಚುವುದು ಕೆಲವರಿಗೆ ಅಭ್ಯಾಸವೇ. ಆನ್‌ಲೈನಿನಲ್ಲೂ ಪ್ರತಿಜ್ಞೆ ಮಾಡಬಹುದು, ಕ್ಷಣದಲ್ಲಿ ಸರ್ಟಿಫಿಕೇಟ್ ಕೈಗೆ. ಪಹಣಿ ಕೇಳಿದರೆ ಸರ್ವರ್ ಡೌನ್. ಪ್ರಾಮಾಣಿಕತೆಯ ಸರ್ವರ್ ಮಾತ್ರ ಗಟ್ಟಿಮುಟ್ಟು.

ಆಮೇಲೆ ಭಾಷಣ: ‘ಅಕ್ರಮ ಕಂಡರೆ ನಿರ್ಭಯವಾಗಿ ತಿಳಿಸಿ.’ ತಿಳಿಸುವ ಕ್ರಮ ಕೇಂದ್ರ ಸರ್ಕಾರದ 2004ರ ಪಿಐಡಿಪಿಐ ನಿರ್ಣಯದಲ್ಲಿದೆ, ಅಂದರೆ ಸಾರ್ವಜನಿಕ ಹಿತಕ್ಕಾಗಿ ಅಕ್ರಮ ತಿಳಿಸುವವರ ರಕ್ಷಣೆಯ ನಿರ್ಣಯದಲ್ಲಿ. ಪತ್ರವನ್ನು ಲಕೋಟೆಯಲ್ಲಿಟ್ಟು ಭದ್ರವಾಗಿ ಅಂಟಿಸಿ, ಮೇಲೆ ‘ಪಿಐಡಿಪಿಐ’ ಎಂದು ಬರೆದು ದೆಹಲಿಯ ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ ಕಳಿಸಬೇಕು. ಹಾಗೆ ಬರೆಯಲು ಮರೆತರೆ ಅದು ಸಾದಾ ದೂರು, ಗುಟ್ಟಿನ ಖಾತರಿಯಿಲ್ಲ. ಲಕೋಟೆಯ ಮೇಲೆ ನಿಮ್ಮ ಹೆಸರು, ವಿಳಾಸ ಇರಕೂಡದು. ಒಳಗೆ ಇರಲೇಬೇಕು, ಇಲ್ಲದಿದ್ದರೆ ಮೂಗರ್ಜಿ. ಆ ಹೆಸರು ಬಿಟ್ಟರೆ ಉಳಿದ ಒಕ್ಕಣೆಯಲ್ಲಿ ನೀವು ಯಾರೆಂಬ ಸುಳಿವು ಸಿಗಬಾರದು. ಸ್ವೀಕೃತಿ ಬರುವುದಿಲ್ಲ. ನಮ್ಮವರ ಚಟದಂತೆ ಕೆಳಗೆ ‘ಪ್ರತಿ: ರಾಜ್ಯಪಾಲರಿಗೆ, ಮುಖ್ಯಮಂತ್ರಿಗಳಿಗೆ, ಪತ್ರಿಕೆಗಳಿಗೆ’ ಎಂದು ಸೇರಿಸಿದಿರೋ, ಗುಟ್ಟು ಅಲ್ಲೇ ರಟ್ಟು.

ತೊಡಕಿರುವುದು ಲಕೋಟೆಯಲ್ಲಲ್ಲ, ವೋಚರ್ ನಂಬರಿನಲ್ಲಿ. ಬಾರದ ಸಿಮೆಂಟಿಗೆ ಬಿಲ್ಲು ಮಾಡಿದ್ದಾರೆನ್ನಿ. ಏಳು ಜನರ ಕಚೇರಿಯಲ್ಲಿ ಆ ಕಡತ ಮುಟ್ಟುವವರು ಮೂವರು. ಅವರಲ್ಲಿ ಇಬ್ಬರು ಪಾಲುದಾರರು. ನಂಬರ್ ಬರೆದರೆ ಮಧ್ಯಾಹ್ನದ ಚಹಾ ಹೊತ್ತಿಗೆ ನೀವು ಯಾರೆಂದು ಗೊತ್ತು. ಬರೆಯದಿದ್ದರೆ ‘ದೂರು ಅಸ್ಪಷ್ಟ, ಮುಕ್ತಾಯಗೊಳಿಸಿದೆ’. ರಾಜ್ಯ ಸರ್ಕಾರದ ನೌಕರರ ಮೇಲಿನ ದೂರಿಗೆ ಈ ಲಕೋಟೆಯೂ ಇಲ್ಲ. ಲೋಕಾಯುಕ್ತಕ್ಕೆ ಹೋದರೆ ನಮೂನೆ ತುಂಬಿ, ಜೊತೆಗೆ ಅಫಿಡವಿಟ್ ಕೊಡಬೇಕು. ಅಂದರೆ ಕೋರ್ಟಿನೆದುರಿನ ಟೈಪಿಸ್ಟು, ನೋಟರಿ, ಪಕ್ಕದಲ್ಲಿ ಇಣುಕುವವನು, ಎಲ್ಲರೂ ಸಾಕ್ಷಿ.

ಹೆಸರು ಗೊತ್ತಾದ ಮೇಲೆ ನಿಜವಾದ ತನಿಖೆ ಶುರು: ‘ಯಾಕಂತೆ ದೂರು ಕೊಟ್ಟದ್ದು?’ ಪಾಲು ಸಿಗಲಿಲ್ಲವೇನೋ. ಬಡ್ತಿ ತಪ್ಪಿತಲ್ಲ, ಅದರ ಹೊಟ್ಟೆಕಿಚ್ಚು. ಉಂಡ ಮನೆಗೆ ಎರಡು ಬಗೆಯುವವನು. ಬಿಲ್ಲು ಸುಳ್ಳೋ ನಿಜವೋ ಎಂದು ಯಾರೂ ಕೇಳುವುದಿಲ್ಲ. ಹೊಟ್ಟೆಕಿಚ್ಚಿನವನು ತೋರಿಸಿದರೂ ಇಲ್ಲದ ಸಿಮೆಂಟು ಇಲ್ಲವೇ ತಾನೆ?

ದುಡ್ಡಿನಾಸೆ ಎನ್ನುವವರೂ ಇದ್ದಾರೆ. ಕಂಪನಿಯ ಒಳಗುಟ್ಟು ತಿಳಿದು ಷೇರು ಮಾರುವ-ಕೊಳ್ಳುವ ಒಳವ್ಯವಹಾರದ ಸುಳಿವಿಗೆ ಷೇರುಪೇಟೆ ನಿಯಂತ್ರಕ ಸೆಬಿ 10 ಕೋಟಿ ರೂಪಾಯಿವರೆಗೆ ಬಹುಮಾನ ಇಟ್ಟಿದೆ, ನಿಜ. ರ‍್ಯಾನ್‌ಬ್ಯಾಕ್ಸಿಯ ಔಷಧ ದಾಖಲೆಗಳ ಮೋಸ ಬಯಲಿಗೆಳೆದ ದಿನೇಶ್ ಠಾಕೂರ್ ಅವರಿಗೆ ಸುಮಾರು 4.8 ಕೋಟಿ ಡಾಲರ್ ಸಿಕ್ಕಿತು. ಕೊಟ್ಟದ್ದು ಅಮೆರಿಕದ ಕಾನೂನು. ಅವರು ಕೆಲಸ ಬಿಟ್ಟದ್ದು 2005ರಲ್ಲಿ, ಹಣ ಕಂಡದ್ದು 2013ರಲ್ಲಿ. ಎಂಟು ವರ್ಷ ಕಾಯುವ ದುರಾಸೆಯವನಿಗೆ ಚಿಟ್ ಫಂಡ್ ಸಾಕಿತ್ತು. ದೂರು ಕೊಡುವವರು ಸಾಮಾನ್ಯವಾಗಿ ಮೊದಲು ಸಾಹೇಬರಿಗೇ ಹೇಳುತ್ತಾರೆ, ಸರಿಪಡಿಸುತ್ತಾರೆಂದು ನಂಬಿ. ‘ನಿನಗ್ಯಾಕಪ್ಪ’ ಎಂಬ ಉತ್ತರ ಬಂದ ಮೇಲೇ ಲಕೋಟೆ ಹುಡುಕುವುದು.

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಮೇಜಿಂದ ಮೇಜಿಗೆ ಸುತ್ತಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಗುಂಡೇಟು. ದರೋಡೆಕೋರರ ಕೆಲಸವೆಂದು ಕೋರ್ಟು ತೀರ್ಮಾನಿಸಿತು. ನಮ್ಮ ಕೆಜಿಎಫ್‌ನ ಮಂಜುನಾಥ್ ಷಣ್ಮುಗಂ, ಇಂಡಿಯನ್ ಆಯಿಲ್ ಅಧಿಕಾರಿ, ಕಲಬೆರಕೆ ಪೆಟ್ರೋಲ್ ಬಂಕಿಗೆ ಬೀಗ ಜಡಿದಿದ್ದರು. 2005ರ ನವೆಂಬರ್ 19ರಂದು ಲಖೀಂಪುರ ಖೇರಿಯಲ್ಲಿ ಅವರನ್ನೂ ಕೊಂದರು. ವಯಸ್ಸು 27.

ಅಕ್ರಮ ತಿಳಿಸುವವರ ರಕ್ಷಣೆಗೆ ಕಾನೂನು ಆಯಿತಲ್ಲ ಎನ್ನುವಿರಿ. 2014ರಲ್ಲಿ ಸಂಸತ್ತು ಒಪ್ಪಿತು, ರಾಷ್ಟ್ರಪತಿ ಅಂಕಿತವೂ ಬಿತ್ತು. ಬೇಕೆಂದೇ ಸುಳ್ಳು ದೂರು ಕೊಟ್ಟರೆ 2 ವರ್ಷದವರೆಗೆ ಜೈಲು, 30,000 ರೂಪಾಯಿವರೆಗೆ ದಂಡ ಎಂದು ಮರೆಯದೆ ಬರೆದಿದ್ದಾರೆ. ಜಾರಿಯ ದಿನಾಂಕವನ್ನು ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸಬೇಕು, ಅಷ್ಟೇ. ಒಂದು ಸಾಲು. ಅದನ್ನು ಬರೆಯಲು ಇಷ್ಟು ವರ್ಷದಲ್ಲಿ ಒಬ್ಬರಿಗೂ ಪುರುಸೊತ್ತಾಗಿಲ್ಲ. ಪ್ರತಿ ಅಕ್ಟೋಬರ್‌ನಲ್ಲಿ ಫ್ಲೆಕ್ಸ್ ಬರೆಸಲು ಮಾತ್ರ ಆಗುತ್ತದೆ.