ಶಾಲೆಗೆ ಫ್ರೀ ಸಾಫ್ಟ್‌ವೇರ್ ಕೊಡೋದರ ಹಿಂದಿನ ಲೆಕ್ಕ

ಕಂಪನಿಗಳು ಶಾಲೆಗೆ ಫ್ರೀಯಾಗಿ ಸಾಫ್ಟ್‌ವೇರ್ ಕೊಡ್ತಿರೋದು ದೊಡ್ಡ ಉಪಕಾರ ಅಂತ ಬರ್ದಿದೀರ ಸರ್, ಅದನ್ನ ನಾನು ಒಪ್ಪಲ್ಲ. ನಮ್ಮಕ್ಕನ ಮಗ ಎಂಟನೇ ಕ್ಲಾಸು, ಅವನಿಗೆ ಒಂದು ಟೇಬಲ್ ಹಾಕು ಅಂತ ಲಿಬ್ರೆಆಫೀಸ್ (ಮೈಕ್ರೋಸಾಫ್ಟ್ ಆಫೀಸ್ ಥರದ್ದೇ ಇನ್ನೊಂದು ಸಾಫ್ಟ್‌ವೇರ್) ತೆಗೆದುಕೊಟ್ರೆ "ಮಾಮ, ಇದ್ರಲ್ಲಿ ಆ ಬಟನ್ನೇ ಇಲ್ಲ" ಅಂತ ಕೈಕಟ್ಟಿ ಕೂತ್ಬಿಟ್ಟ, ಮೆನು ತೆಗ್ದು ಹುಡುಕೋಣ ಅಂತ ಹೊಳೀಲೇ ಇಲ್ಲ, ಯಾಕಂದ್ರೆ ಶಾಲೇಲಿ ಕಲಿಸಿದ್ದೇ ಒಂದು ಕಂಪನಿಯ ಬಟನ್ ಎಲ್ಲೆಲ್ಲಿದೆ ಅನ್ನೋದನ್ನ, ಬರೀ ಬಾಯಿಪಾಠ.

ಕೈಗೆ ಮೊದಲು ಸಿಕ್ಕಿದ್ದನ್ನೇ ಜನ ಬಳಸ್ತಾರೆ, ಬದಲಾಯಿಸೋ ಗೋಜಿಗೆ ಹೋಗಲ್ಲ, ಇದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಮೈಕ್ರೋಸಾಫ್ಟ್ ವಿಂಡೋಸ್ ಜೊತೆಗೇ ತನ್ನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಫ್ರೀ ಕೊಟ್ಟಾಗ ಅದಕ್ಕೆ ಪೈಪೋಟಿ ಕೊಡ್ತಿದ್ದ ಬ್ರೌಸರ್ ನೆಟ್‌ಸ್ಕೇಪ್ ನೆಲಕಚ್ಚಿತು, 1998ರಲ್ಲಿ ಮೈಕ್ರೋಸಾಫ್ಟ್ ಮೇಲೆ ಅಮೆರಿಕ ಸರ್ಕಾರ ಕೇಸ್ ಹಾಕ್ತು, 2000ದಲ್ಲಿ ಕಂಪನೀನ ಎರಡು ಹೋಳು ಮಾಡಿ ಅಂತ ಜಡ್ಜ್ ಆದೇಶಾನೂ ಕೊಟ್ರು, ಮುಂದಿನ ವರ್ಷ ಅಪೀಲಲ್ಲಿ ಅದು ಬಿದ್ದೋಯ್ತು. ಗೂಗಲ್ ಕೂಡ ಫೋನು, ಬ್ರೌಸರ್‌ಗಳಲ್ಲಿ ತನ್ನ ಸರ್ಚೇ ಮೊದಲು ಬರಲಿ ಅಂತ 2021 ಒಂದೇ ವರ್ಷ 2600 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದಿದೆ, ಕೋರ್ಟಲ್ಲೇ ಹೊರಬಿದ್ದ ಲೆಕ್ಕ ಇದು. ಅಷ್ಟು ದುಡ್ಡು ಕೊಟ್ಟು ಕೊಂಡ್ಕೊಳ್ಳೋ ಜಾಗಾನ ಶಾಲೆಗಳು ಪುಕ್ಕಟೆ ಬಿಟ್ಟುಕೊಡ್ತಿವೆ, ಅದೂ ಮಕ್ಕಳ ತಲೇಲಿ!

ರಾಜಕಾರಣಿಗಳ ಮೇಲೆ ನನಗೆ ಸಿಟ್ಟಿರೋದೂ ಇದಕ್ಕೇ, ಟ್ಯಾಬ್ ಹಂಚೋ ಫೋಟೋಗೆ ಎಲ್ಲಾ ಪಕ್ಷದವ್ರೂ ಬರ್ತಾರೆ, ಮಕ್ಕಳ ಡೇಟಾ ಎಲ್ಲಿಗೆ ಹೋಗುತ್ತೆ, ಫ್ರೀ ಮುಗಿದ್ಮೇಲೆ ಲೈಸೆನ್ಸ್‌ಗೆ ದುಡ್ಡು ಯಾರು ಕಟ್ತಾರೆ ಅಂತ ಒಬ್ರೂ ಕೇಳಲ್ಲ. ಇದಕ್ಕೆ ದಾರಿ ಇದೆ, ಶಾಲೇಲಿ ಒಂದೇ ಕೆಲಸಾನ ಎರಡು ಬೇರೆ ಬೇರೆ ಸಾಫ್ಟ್‌ವೇರಲ್ಲಿ ಮಾಡಿಸಿ ಸಾಕು. ನಮ್ಮ ಹುಡುಗ ಅವತ್ತು ಪಕ್ಕದಲ್ಲಿ ಕೂತು ಸ್ವಲ್ಪ ಧೈರ್ಯ ಹೇಳಿದ್ಮೇಲೆ ಮೆನು ಪೂರ್ತಿ ಜಾಲಾಡಿ ತಾನೇ ಟೇಬಲ್ ಹಾಕ್ದ.